ಸತ್ತ ಜಿಂಕೆಗೊಂದು ಚೀಟಿ

ನವೆಂಬರ್ 15 ಬಂತು ಅಂದ್ರೆ ಮಿಶಿಗನ್ನಿನಲ್ಲಿ ಒಂಥರಾ ಹಬ್ಬ. ಕೋವಿಯಿಂದ ಜಿಂಕೆ ಹೊಡೆಯೋ ಸೀಸನ್ ಶುರುವಾಗೋ ದಿನ. ಹಳ್ಳಿ ಕಡೆ ಎಷ್ಟೋ ಶಾಲೆಗಳಿಗೆ ರಜೆ. ಡೆಟ್ರಾಯಿಟ್ ಪಕ್ಕದ ನಮ್ಮ ಆಫೀಸಿನಲ್ಲೂ ಅವತ್ತು ಸುಮಾರು ಕುರ್ಚಿ ಖಾಲಿ. ಕೆನೆತ್ ಆಂಡರ್ಸನ್, ತೇಜಸ್ವಿ ಓದ್ಕೊಂಡು ಬೆಳೆದ ನನಗೆ ಶಿಕಾರಿ ಅಂದ್ರೆ ಕಾಡು, ಕತ್ತಲೆ, ಸಾಹಸ. ಇಲ್ಲಿನ ಸಹೋದ್ಯೋಗಿಯೊಬ್ಬ ಹೆಮ್ಮೆಯಿಂದ ತೋರಿಸಿದ್ದು ಮಾತ್ರ ಒಂದು ಚೀಟಿ!

ಲೈಸೆನ್ಸ್ ಜೊತೆ ಬರೋ ಟ್ಯಾಗ್ ಅದು. ಜಿಂಕೆ ಬಿದ್ದ ಕೂಡಲೇ ತಾರೀಖು, ಗಂಡೋ ಹೆಣ್ಣೋ, ಕೊಂಬಿನ ಕವಲೆಷ್ಟು ಅನ್ನೋದನ್ನ ಚೀಟಿಯಲ್ಲಿ ಗುರುತು ಮಾಡಿ, ಕೊಂಬಿಗೋ ದವಡೆಗೋ ಕಟ್ಟಬೇಕು. ಒಂದು ಚೀಟಿಗೆ ಒಂದೇ ಪ್ರಾಣಿ. ನಮ್ಮ ಓಟಿಪಿ ಇದ್ದ ಹಾಗೆ, ಒಂದು ಸಲ ಬಳಸಿದ್ರೆ ಮುಗೀತು. 2022ರಿಂದ ಮಿಶಿಗನ್ನಿನಲ್ಲಿ 72 ಗಂಟೆಯೊಳಗೆ ಆನ್‌ಲೈನ್‌ನಲ್ಲೂ ವರದಿ ಕೊಡಬೇಕು. ಶಿಕಾಗೋ ಇರೋ ಇಲಿನಾಯ್‌ನಲ್ಲಿ ಅದೇ ದಿನ ರಾತ್ರಿ 10ರೊಳಗೆ.

ಇಷ್ಟೆಲ್ಲಾ ಯಾಕೆ ಅಂತೀರಾ? ಕಾರಣ ಈ ಎರಡು ಊರುಗಳ ಚರಿತ್ರೆಯಲ್ಲೇ ಇದೆ.

1868ರಲ್ಲಿ ಡೆಟ್ರಾಯಿಟಿನ ವಿಲಿಯಂ ಡೇವಿಸ್ ಮಂಜುಗಡ್ಡೆಯಿಂದ ತಂಪಾಗಿಡೋ ರೈಲು ಬೋಗಿಗೆ ಪೇಟೆಂಟ್ ಪಡೆದ. ಶಿಕಾಗೋ ದೇಶದ ಮಾಂಸದ ರಾಜಧಾನಿಯಾಯ್ತು. ರೈಲು ಕಾಡಿನವರೆಗೆ ಹೋದ ಮೇಲೆ ಬೇಟೆ ಅನ್ನೋದು ಮನೆಯ ಸಾರಿಗಲ್ಲ, ಮಾರ್ಕೆಟ್ಟಿಗೆ ಅಂತಾಯ್ತು. 1878ರಲ್ಲಿ ಮಿಶಿಗನ್ನಿನ ಪೆಟೋಸ್ಕಿಯಲ್ಲಿ ಗೂಡು ಕಟ್ಟಿದ್ದ ಪ್ಯಾಸೆಂಜರ್ ಪಾರಿವಾಳಗಳನ್ನ ಕೊಂದು ರೈಲಿಗೆ ತುಂಬಿದ್ರು. ಆ ಜಾತಿಯ ಕೊನೇ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇಲಿನಾಯ್‌ನಲ್ಲಿ ಜಿಂಕೆ ಹೆಚ್ಚೂಕಮ್ಮಿ ನಿರ್ನಾಮವಾಗಿ, 1901ರಲ್ಲಿ ಬೇಟೆ ನಿಲ್ಲಿಸಿದವರು ಮತ್ತೆ ಶುರು ಮಾಡಿದ್ದು 1957ರಲ್ಲಿ!

ಮಿಶಿಗನ್ 1887ರಲ್ಲೇ ಸಂಬಳ ಕೊಟ್ಟು ಬೇಟೆ ವಾರ್ಡನ್ ಒಬ್ಬನನ್ನ ನೇಮಿಸಿತು. 1895ರಲ್ಲಿ ಜಿಂಕೆ ಲೈಸೆನ್ಸ್ ಬಂತು. ರಾಜ್ಯದವರಿಗೆ 50 ಸೆಂಟ್, ಹೊರಗಿನವರಿಗೆ 25 ಡಾಲರ್. 1900ರ ಲೇಸಿ ಕಾಯ್ದೆ, ಒಂದು ರಾಜ್ಯದಲ್ಲಿ ಕದ್ದು ಹೊಡೆದ ಪ್ರಾಣಿಯನ್ನ ಇನ್ನೊಂದು ರಾಜ್ಯಕ್ಕೆ ಸಾಗಿಸೋದನ್ನೇ ದೇಶದ ಮಟ್ಟದ ಅಪರಾಧ ಮಾಡಿತು. ಕಾಡು ಜಿಂಕೆಯ ಮಾಂಸ ಮಾರೋದೂ ಇಲ್ಲಿ ನಿಷಿದ್ಧ. ಚೀಟಿಗೆ ಬೆಲೆ ಬಂದಿದ್ದೇ ಇದರಿಂದ ಅಂತ ನನ್ನ ಅನಿಸಿಕೆ. ಮಾರೋಕಾಗದ ಮೇಲೆ ಹತ್ತು ಜಿಂಕೆ ಹೊಡೆದು ಏನು ಮಾಡ್ತೀರಿ? ಮಿಶಿಗನ್ ಕಾನೂನಿನ ಪ್ರಕಾರ ಕಾಡುಪ್ರಾಣಿ ರಾಜ್ಯದ ಜನರೆಲ್ಲರ ಸೊತ್ತು. ಎಲ್ಲರ ಸೊತ್ತಿನಿಂದ ಒಂದನ್ನ ತಗೊಂಡೆ ಅನ್ನೋದಕ್ಕೆ ರಸೀದಿ ಈ ಚೀಟಿ. ಅದನ್ನ ಬರೆಯೋನು ಬೇಟೆಗಾರನೇ, ಅದೂ ಯಾರೂ ನೋಡದ ಕಾಡಿನಲ್ಲಿ.

ನಮ್ಮಲ್ಲಿ ಇಂಥದ್ದು ಇರ್ಲೇ ಇಲ್ವಾ? ಇತ್ತು ಸ್ವಾಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಬಂದಾಗ ಅದರಲ್ಲಿ ದೊಡ್ಡ ಬೇಟೆಗೆ, ಸಣ್ಣ ಬೇಟೆಗೆ ಅಂತ ಬೇರೆ ಬೇರೆ ಲೈಸೆನ್ಸ್ ಇತ್ತು. ಹೊಡೆದ 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕಿತ್ತು. 1991ರ ತಿದ್ದುಪಡಿ ಈ ಲೈಸೆನ್ಸುಗಳನ್ನೇ ತೆಗೆದುಹಾಕಿತು. ಈಗ ಮನುಷ್ಯರ ಜೀವಕ್ಕೆ ಅಪಾಯ ತಂದಂಥ ಕೆಲವು ಸಂದರ್ಭ ಬಿಟ್ರೆ ಕೋವಿ ಎತ್ತೋ ಹಾಗಿಲ್ಲ. ಅಮೆರಿಕ ಲೆಕ್ಕ ಇಟ್ಟು ಹೊಡೆಯಿರಿ ಅಂತು, ನಾವು ಹೊಡೆಯಲೇಬೇಡಿ ಅಂದ್ವಿ. ಹುಲಿ, ಆನೆ, ಜನ ಎಲ್ಲಾ ಒತ್ತೊತ್ತಾಗಿರೋ ನಮ್ಮ ನಾಡಿಗೆ ನಮ್ಮ ದಾರಿಯೇ ಸರಿ ಅಂತ ನನಗನಿಸುತ್ತೆ. ಕಾಡುಹಂದಿ ಗದ್ದೆ ಹಾಳು ಮಾಡಿದ ಮಲೆನಾಡಿನ ರೈತ ಇದನ್ನ ಒಪ್ಪಲಿಕ್ಕಿಲ್ಲ, ಅವನ ಕಷ್ಟವೂ ಸುಳ್ಳಲ್ಲ.

ಆದ್ರೆ ಚೀಟಿ ನಮ್ಮನ್ನೂ ಬಿಟ್ಟಿಲ್ಲ. ಹಳೇ ಕೊಂಬು, ಚರ್ಮ, ಉಗುರು ಇಟ್ಕೊಂಡವರು ಇಲಾಖೆಗೆ ತಿಳಿಸಿ ಒಡೆತನದ ಪ್ರಮಾಣಪತ್ರ ಪಡೆದಿರಬೇಕು ಅನ್ನುತ್ತೆ ಅದೇ ಕಾಯ್ದೆ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ ಎಷ್ಟೋ ಮನೆಯವರಿಗೆ ಇದು ನೆನಪಾಯ್ತು. ನಿಮ್ಮ ಅಜ್ಜನ ಮನೆ ಜಗಲಿಯ ಗೋಡೆ ಮೇಲೂ ಕೊಂಬು ಇದ್ರೆ, ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅದರ ಕಾಗದ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ.