ಸಿಐಡಿ ಧಾರಾವಾಹಿಯ ಪುನರುಕ್ತಿಯೂ ಅಸಂಗತಿಯೂ

ದೂರದರ್ಶನದ ಚರಿತ್ರೆಯಲ್ಲಿ ಕಲಬುರಗಿ ಜಿಲ್ಲೆಗೆ ವಿಶೇಷ ಸ್ಥಾನವುಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಲ್ಲಿ ನಡೆದ ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. 1977ರಲ್ಲಿ ಕಲಬುರಗಿಯಲ್ಲಿಯೇ ಪ್ರಸಾರಕೇಂದ್ರವೂ ಆರಂಭವಾಯಿತು. ಬೇಸಾಯ, ಆರೋಗ್ಯ, ಶಿಕ್ಷಣಗಳ ಬೋಧನೆಗೆಂದು ಬಂದ ಸಾಧನವು ಕಾಲಕ್ರಮದಲ್ಲಿ ಮುಖ್ಯವಾಗಿ ಮನರಂಜನೆಯ ಸಾಧನವಾಯಿತು. ಆ ಮನರಂಜನೆಯೂ ಬೋಧಿಸುತ್ತದೆಯೆ, ಬೋಧಿಸುವುದಾದರೆ ಏನನ್ನು, ಎಂಬುದು ಇಲ್ಲಿ ನಮ್ಮ ವಿಚಾರ.

ಬಿ. ಪಿ. ಸಿಂಗ್ ಅವರು ರೂಪಿಸಿದ ಹಿಂದೀ ಧಾರಾವಾಹಿ 'ಸಿಐಡಿ' 1998ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾಗಿ, 1,547 ಕಂತುಗಳ ಬಳಿಕ 2018ರ ಅಕ್ಟೋಬರಿನಲ್ಲಿ ನಿಂತು, 2024ರ ಡಿಸೆಂಬರಿನಲ್ಲಿ ಮರಳಿ ಬಂದಿತು. ಏನೋ ಎಡವಟ್ಟಾಗಿದೆಯೆಂದು ಬೆರಳು ತಿರುಗಿಸುತ್ತ ನುಡಿಯುವ ಎಸಿಪಿ ಪ್ರದ್ಯುಮ್ನ, ಬಾಗಿಲು ಮುರಿಯೆಂಬ ಆಜ್ಞೆಗೆ ಕಾದಿರುವ ದಯಾ, ಕ್ಷಣಮಾತ್ರದಲ್ಲಿ ರಹಸ್ಯವನ್ನು ಬಿಡಿಸುವ ಡಾ. ಸಾಳುಂಕೆ: ಇವರ ಮಾತುಗಳು ಎರಡು ದಶಕ ಹೆಚ್ಚುಕಡಿಮೆ ಬದಲಾಗಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಇಂತಹ ಪುನರುಕ್ತಿ ಕಿವಿಗೆ ಹೊಸದಲ್ಲ. 1948ರವರೆಗೆ ಈ ಸೀಮೆ ಉರ್ದು ಆಡಳಿತಭಾಷೆಯಾಗಿದ್ದ ನಿಜಾಮ ಸಂಸ್ಥಾನಕ್ಕೆ ಸೇರಿತ್ತು. ದಖನಿ ಉರ್ದು ಇಂದಿಗೂ ಇಲ್ಲಿಯ ಪೇಟೆಗಳ ಮಾತು. ಗುನ್ನೆ, ಫಿರ್ಯಾದಿ, ಪಂಚನಾಮೆ, ಜಪ್ತಿ ಎಂಬ ಠಾಣೆಯ ಪದಗಳು ಕನ್ನಡದಲ್ಲಿಯೂ ಬೇರೂರಿವೆ. ಅಲ್ಲದೆ, ರಂಗಕ್ಕೆ ಬಂದ ಪ್ರತಿಯೊಂದು ಪಾತ್ರವನ್ನೂ ನೀನಾರು, ಯಾವ ಊರು ಎಂದು ಸಾರಥಿ ವಿಚಾರಿಸುವುದು ಬಯಲಾಟದ ಸಂಪ್ರದಾಯ. ಆಟಕ್ಕೆ ತಡವಾಗಿ ಬಂದವನಿಗೂ ಅದರಿಂದ ಕಥೆಯ ಜಾಡು ಸಿಗುತ್ತದೆ. ಧಾರಾವಾಹಿಯ ಪುನರುಕ್ತಿಯೂ ಇದೇ ಕೆಲಸವನ್ನು ಮಾಡುತ್ತದೆ. ಆದುದರಿಂದ ಇದನ್ನು ಬರಿಯ ದೋಷವೆನ್ನಲಾಗದು.

ಅಸಂಗತಿಗಳ ಮೂಲವೂ ಇಲ್ಲಿಯೇ ಇದೆ. ಪ್ರತಿವಾರ ಹೊಸ ಪ್ರಕರಣ ಬರಬೇಕು, ಹಳೆಯ ಪಾತ್ರಗಳು ಮಾತ್ರ ಹಾಗೆಯೇ ಉಳಿಯಬೇಕು. ಹೀಗಾಗಿ ನಡೆದುದು ನಡೆಯದಂತಾಗುತ್ತದೆ. 2025ರ ಏಪ್ರಿಲಿನಲ್ಲಿ ಸತ್ತನೆಂದು ತೋರಿಸಲಾದ ಪ್ರದ್ಯುಮ್ನ ಅದೇ ವರ್ಷ ಮರಳಿ ಬಂದನು. ಇಂತಹವನ್ನು ಪ್ರೇಕ್ಷಕನು ಒಡನೆಯೇ ಗುರುತಿಸಿ ನಗುತ್ತಾನೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಸಂಗತಿಯನ್ನು ಯಾರೂ ಗುರುತಿಸುವುದಿಲ್ಲ. ಕಂತಿನ ಕೊನೆಯಲ್ಲಿ ಒಂದು ಕಪಾಳಮೋಕ್ಷ, ಕೂಡಲೇ ತಪ್ಪೊಪ್ಪಿಗೆ, ಬಳಿಕ ನಿನಗೆ ಗಲ್ಲೇ ಗತಿಯೆಂಬ ಎಸಿಪಿಯ ಘೋಷಣೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಶಿಕ್ಷೆ ವಿಧಿಸುವುದು ನ್ಯಾಯಾಲಯದ ಅಧಿಕಾರ. ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯೂ ಉಚ್ಚ ನ್ಯಾಯಾಲಯವು ಸ್ಥಿರಪಡಿಸುವವರೆಗೆ ಜಾರಿಯಾಗುವಂತಿಲ್ಲ. ಪರದೆಯ ಮೇಲೆ ವಕೀಲನೂ ಇಲ್ಲ, ನ್ಯಾಯಾಧೀಶನೂ ಇಲ್ಲ.

ಒಮ್ಮೆ ಕಂಡ ತಪ್ಪು ತಪ್ಪಾಗಿ ತೋರುತ್ತದೆ. ಸಾವಿರ ಬಾರಿ ಕಂಡದ್ದು ಪದ್ಧತಿಯೆನಿಸುತ್ತದೆ. ಸತ್ತವನು ಮರಳಿ ಬಂದುದರಿಂದ ಯಾರಿಗೂ ಹಾನಿಯಿಲ್ಲ. ಏಟು ಸತ್ಯವನ್ನು ಹೊರಡಿಸುತ್ತದೆಂಬ ನಂಬಿಕೆಯಿಂದ, ನಾಳೆ ಯಾವುದೋ ಠಾಣೆಯಲ್ಲಿ ನಿಲ್ಲಬೇಕಾದ ನಿರಪರಾಧಿಗೆ ಹಾನಿಯುಂಟು. ಆದುದರಿಂದ ಧಾರಾವಾಹಿಗಳ ಅಧ್ಯಯನದಲ್ಲಿ ಅವುಗಳ ತಪ್ಪುಗಳನ್ನು ಎಣಿಸುವುದಷ್ಟೇ ಸಾಲದು. ಪುನರುಕ್ತಿಯ ಬಲದಿಂದ ಯಾವ ತಪ್ಪುಗಳು ಮರೆಯಾಗಿವೆಯೆಂಬುದನ್ನು ಮೊದಲು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ.