ವಿದ್ಯಾರ್ಥಿಗಳ ವಿದ್ಯುನ್ಮಾನ ಗುರುತುಬಿಲ್ಲೆ

ಶಾಲೆಯ ಆವರಣದಲ್ಲಾಗಲಿ ಶಾಲಾವಾಹನದಲ್ಲಾಗಲಿ ವಿದ್ಯಾರ್ಥಿಯಿರುವ ಸ್ಥಳವನ್ನೂ ಬಂದುಹೋದ ವೇಳೆಯನ್ನೂ ರೇಡಿಯೊ ತರಂಗಗಳ ನೆರವಿನಿಂದ ತಾನಾಗಿಯೇ ದಾಖಲಿಸುವ ಸಲುವಾಗಿ ಕೊರಳಿಗೆ ತೂಗಹಾಕುವ, ಚೀಲಕ್ಕೆ ಕಟ್ಟುವ ಇಲ್ಲವೇ ಸಮವಸ್ತ್ರದೊಳಗೆ ಹೊಲಿಯುವ ಸಾಧನ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ, ಜಪಾನ್, ಇಂಗ್ಲೆಂಡುಗಳಲ್ಲಿಯೂ ಎರಡನೆಯ ದಶಕದಲ್ಲಿ ಬ್ರೆಜಿಲ್, ಚೀನಗಳಲ್ಲಿಯೂ ಇದರ ಪ್ರಯೋಗಗಳು ನಡೆದುವು. ಉಪಾಧ್ಯಾಯರು ಹೆಸರು ಕೂಗಿ ಹಾಜರಿ ಹಾಕುತ್ತಿದ್ದ ಹಳೆಯ ಪದ್ಧತಿಯನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯವಾಗಿ ಮೊದಲಾದ ಈ ಸಾಧನವು, ಹಾಜರಿ ಹೇಳುವ ಕ್ರಿಯೆಯಲ್ಲಿ ಮಗುವಿಗಿದ್ದ ಪಾತ್ರವನ್ನು ಹಂತಹಂತವಾಗಿ ಕುಗ್ಗಿಸುತ್ತ ಬಂದಿತು. ಆ ಪಾತ್ರ ಕುಗ್ಗಿದಂತೆಲ್ಲ ಅಮೆರಿಕದಲ್ಲಿ ತಂದೆತಾಯಿಗಳ ವಿರೋಧವೂ ಬೆಳೆಯಿತೆಂಬುದು ಇದರ ಚರಿತ್ರೆಯಿಂದ ತಿಳಿದುಬರುತ್ತದೆ.

ತಾಂತ್ರಿಕ ಹಿನ್ನೆಲೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ, ರೇಡಾರಿನ ತೆರೆಯ ಮೇಲೆ ಕಾಣುವ ವಿಮಾನವು ಸ್ವಪಕ್ಷದ್ದೋ ಶತ್ರುಪಕ್ಷದ್ದೋ ಎಂಬುದನ್ನು ಅರಿಯಲೆಂದು, ನೆಲದಿಂದ ಹೊರಟ ಸಂಕೇತಕ್ಕೆ ತಾನೇ ಮರುಸಂಕೇತವನ್ನೀಯುವ ಉಪಕರಣವನ್ನು ಬ್ರಿಟಿಷರು ತಮ್ಮ ವಿಮಾನಗಳಲ್ಲಿ ಅಳವಡಿಸಿದ್ದರು. ಪ್ರತಿಫಲಿತ ಶಕ್ತಿಯ ಮೂಲಕ ಸಂದೇಶ ಸಾಗಿಸುವ ವಿಷಯವಾಗಿ ಹ್ಯಾರಿ ಸ್ಟಾಕ್‌ಮನ್ 1948ರಲ್ಲಿ ಪ್ರಕಟಿಸಿದ ಪ್ರಬಂಧವು ಈ ತತ್ತ್ವಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿತು. ಮಾಹಿತಿಯನ್ನು ತನ್ನಲ್ಲಿ ಇರಿಸಿಕೊಳ್ಳಬಲ್ಲ ಇಂಥ ಸಾಧನಕ್ಕೆ 1973ರಲ್ಲಿ ಮಾರಿಯೊ ಕಾರ್ಡುಲೊ ಅಮೆರಿಕದ ಪೇಟೆಂಟ್ ಪಡೆದರು. ಮುಂದೆ ಆರ್‌ಎಫ್‌ಐಡಿ ಎಂದು ಪ್ರಸಿದ್ಧವಾದ ಈ ತಂತ್ರವು ಹೆದ್ದಾರಿಯ ಸುಂಕದ ಕಟ್ಟೆ, ಗೋದಾಮಿನ ಸರಕು, ದನಕರುಗಳ ಕಿವಿಯೋಲೆ ಇವುಗಳಲ್ಲಿ ಮೊದಲು ನೆಲೆಗೊಂಡು ಆಮೇಲೆ ಶಾಲೆಯನ್ನು ಪ್ರವೇಶಿಸಿತು.

ಬಿಲ್ಲೆಗಳಲ್ಲಿ ಎರಡು ಬಗೆ. ನಿಷ್ಕ್ರಿಯ ಬಿಲ್ಲೆಗೆ ಸ್ವಂತದ ಬ್ಯಾಟರಿಯಿಲ್ಲ. ವಾಚಕಯಂತ್ರವು ಹೊಮ್ಮಿಸುವ ತರಂಗದಿಂದಲೇ ಶಕ್ತಿಯನ್ನು ಪಡೆದು ಅದು ತನ್ನ ಸಂಖ್ಯೆಯನ್ನು ತಿಳಿಸುತ್ತದೆಯಾದ್ದರಿಂದ, ತರಂಗದ ಆವರ್ತನಕ್ಕೆ ತಕ್ಕಂತೆ ಕೆಲವು ಅಂಗುಲಗಳಿಂದ ಕೆಲವು ಮೀಟರುಗಳ ಒಳಗೆ ಮಾತ್ರ ಅದನ್ನು ಓದಬಹುದು. ಸಕ್ರಿಯ ಬಿಲ್ಲೆಯಾದರೋ ತನ್ನ ಬ್ಯಾಟರಿಯ ಬಲದಿಂದ ಆಗಾಗ ಸಂಕೇತವನ್ನು ತಾನೇ ಹೊರಡಿಸುತ್ತಿರುತ್ತದೆ. ಚಾವಣಿಗಳಲ್ಲಿ ಅಲ್ಲಲ್ಲಿ ಕೂರಿಸಿದ ಯಂತ್ರಗಳು ಅದನ್ನು ಗ್ರಹಿಸಿ, ಧರಿಸಿದವನು ಕಟ್ಟಡದ ಯಾವ ಭಾಗದಲ್ಲಿರುವನೆಂದು ಸೂಚಿಸುತ್ತವೆ. ಎರಡರಲ್ಲಿಯೂ ಇರುವ ಚಿಪ್ಪಿನಲ್ಲಿ (ಚಿಪ್) ಸಾಮಾನ್ಯವಾಗಿ ಹುದುಗಿರುವುದು ಒಂದು ಸಂಖ್ಯೆ ಮಾತ್ರ. ಅದನ್ನು ಹೆಸರು, ತರಗತಿ, ಭಾವಚಿತ್ರಗಳೊಡನೆ ಜೋಡಿಸುವ ಕೆಲಸ ಶಾಲೆಯ ಗಣಕಯಂತ್ರದ್ದು.

ಆರಂಭದ ಪ್ರಯೋಗಗಳು: ನ್ಯೂಯಾರ್ಕ್ ಸಂಸ್ಥಾನದ ಬಫಲೊ ನಗರದ ಎಂಟರ್‌ಪ್ರೈಸ್ ಚಾರ್ಟರ್ ಶಾಲೆಯು 2003ರಲ್ಲಿ ಹಾಜರಿಗಾಗಿ ಇಂಥ ಬಿಲ್ಲೆಯನ್ನು ಬಳಕೆಗೆ ತಂದಿತು. ಅಲ್ಲಿ ಕೊರಳಲ್ಲಿ ಬಿಲ್ಲೆ ಧರಿಸಿದ ಮಗು ಯಂತ್ರದ ಸಮೀಪಕ್ಕೆ ಬಂದಾಗ ತೆರೆಯ ಮೇಲೆ ಅದರ ಭಾವಚಿತ್ರ ಮೂಡುತ್ತಿತ್ತು. ಮಗು ಅದನ್ನು ಬೆರಳಿನಿಂದ ಮುಟ್ಟಿದರೆ ಹಾಜರಿ ಬೀಳುತ್ತಿತ್ತು. ಹೂಸ್ಟನ್ ನಗರದ ಸಮೀಪದ ಸ್ಪ್ರಿಂಗ್ ಶಾಲಾ ಜಿಲ್ಲೆಯಲ್ಲಿ 2004ರಲ್ಲಿ ಸುಮಾರು 28,000 ವಿದ್ಯಾರ್ಥಿಗಳಿಗಾಗಿ ಕೈಗೊಂಡ ಯೋಜನೆಯಲ್ಲಿ ಬಸ್ಸು ಹತ್ತುವಾಗಲೂ ಇಳಿಯುವಾಗಲೂ ಬಿಲ್ಲೆಯನ್ನು ಯಂತ್ರಕ್ಕೆ ಹಿಡಿಯಬೇಕಾಗಿತ್ತು. ಮಗು ಕಾಣೆಯಾದ ಪಕ್ಷದಲ್ಲಿ ಕೊನೆಯ ಬಾರಿಗೆ ಎಲ್ಲಿ ಇಳಿಯಿತೆಂಬುದು ಪೊಲೀಸರಿಗೆ ತತ್‌ಕ್ಷಣ ತಿಳಿಯಲೆಂಬುದು ಅದರ ಉದ್ದೇಶ. ಜಪಾನಿನಲ್ಲಿ, 2001ರ ಜೂನ್ 8ರಂದು ಒಸಾಕಾ ಪ್ರಾಂತ್ಯದ ಇಕೆಡದ ಪ್ರಾಥಮಿಕ ಶಾಲೆಗೆ ನುಗ್ಗಿದ ದುಷ್ಕರ್ಮಿಯೊಬ್ಬನು ಎಂಟು ಮಕ್ಕಳನ್ನು ಕೊಂದ ತರುವಾಯ ಶಾಲೆಗಳ ರಕ್ಷಣೆಯು ರಾಷ್ಟ್ರದ ಚಿಂತೆಯಾಗಿದ್ದಿತು. ಈ ಹಿನ್ನೆಲೆಯಲ್ಲಿ ಟೋಕಿಯೊದ ರಿಕ್ಕ್ಯೊ ಪ್ರಾಥಮಿಕ ಶಾಲೆಯು 2004ರಲ್ಲಿ ಸಕ್ರಿಯ ಬಿಲ್ಲೆಗಳನ್ನು ಪ್ರಯೋಗಕ್ಕೆ ತೆಗೆದುಕೊಂಡಿತು.

ಸಟರ್ ಪ್ರಕರಣ: ಈ ವಿಷಯವು ಸಾರ್ವಜನಿಕ ವಿವಾದವಾಗಿ ಮಾರ್ಪಟ್ಟುದು ಕ್ಯಾಲಿಫೋರ್ನಿಯದ ಸಟರ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ಬ್ರಿಟನ್ ಪ್ರಾಥಮಿಕ ಶಾಲೆಯು 2005ರ ಜನವರಿಯಲ್ಲಿ, ಇನ್‌ಕಾಮ್ ಎಂಬ ಸ್ಥಳೀಯ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಂತೆ, ಭಾವಚಿತ್ರ, ಹೆಸರು, ತರಗತಿಗಳನ್ನು ಅಚ್ಚುಹಾಕಿದ ಬಿಲ್ಲೆಯನ್ನು ಮಕ್ಕಳೆಲ್ಲರೂ ಕೊರಳಲ್ಲಿ ಧರಿಸಬೇಕೆಂದು ಕಡ್ಡಾಯ ಮಾಡಿತು. ಕೆಲವು ಕೊಠಡಿಗಳ ಬಾಗಿಲ ಮೇಲೆ ವಾಚಕಯಂತ್ರವಿದ್ದಿತು. ಮಗು ಹೊಸ್ತಿಲು ದಾಟಿದೊಡನೆ ಬಿಲ್ಲೆಯ ಸಂಖ್ಯೆಯನ್ನು ಯಂತ್ರವು ಗ್ರಹಿಸಿ, ಉಪಾಧ್ಯಾಯರ ಅಂಗೈಯೊಳಗಿನ ಪುಟ್ಟ ಗಣಕಕ್ಕೆ ಪಟ್ಟಿಯನ್ನು ರವಾನಿಸುತ್ತಿದ್ದಿತು. ಬಫಲೊದ ಮಗುವಿನಂತೆ ಈ ಮಗು ಏನನ್ನೂ ಮುಟ್ಟಬೇಕಾಗಿರಲಿಲ್ಲ, ಯಾವ ಕರೆಗೂ ಓಗೊಡಬೇಕಾಗಿರಲಿಲ್ಲ. ಪ್ರಯೋಗದ ಪ್ರತಿಫಲವಾಗಿ ಶಾಲೆಗೆ ಸಂಸ್ಥೆಯಿಂದ ಹಣ ಸಲ್ಲುವುದೆಂಬ ಸಂಗತಿಯೂ ಶೌಚಾಲಯಗಳ ಬಾಗಿಲಿಗೂ ಯಂತ್ರ ಕೂರಿಸಿದ್ದರೆಂಬ ಸಂಗತಿಯೂ ಹೊರಬಿದ್ದಾಗ, ತಮ್ಮನ್ನು ಮುಂಚಿತವಾಗಿ ಒಂದು ಮಾತೂ ಕೇಳಿರಲಿಲ್ಲವೆಂದು ತಂದೆತಾಯಿಗಳು ಕೆರಳಿದರು. ಮಕ್ಕಳನ್ನು ಜಾನುವಾರುಗಳಂತೆ ಎಣಿಸುವುದೆಂದರೇನೆಂದು ಪ್ರಶ್ನಿಸಿದರು. ಶೌಚಾಲಯದ ಯಂತ್ರಗಳನ್ನು ಶಾಲೆಯು ನಿಲ್ಲಿಸಿತಾದರೂ ಅಸಮಾಧಾನವು ತಗ್ಗಲಿಲ್ಲ. ಅಮೆರಿಕದ ನಾಗರಿಕ ಸ್ವಾತಂತ್ರ್ಯ ಒಕ್ಕೂಟವೇ ಮೊದಲಾದ ಸಂಸ್ಥೆಗಳು ತಂದೆತಾಯಿಗಳ ಬೆಂಬಲಕ್ಕೆ ನಿಂತುವು. ಫೆಬ್ರವರಿಯ ನಡುವಿನಲ್ಲಿ ಇನ್‌ಕಾಮ್ ಸಂಸ್ಥೆಯು ತಾನಾಗಿಯೇ ಹಿಂದೆ ಸರಿದುದರಿಂದ ಯೋಜನೆಯು ಕೆಲವೇ ವಾರಗಳಲ್ಲಿ ಮುಗಿದುಹೋಯಿತು.

ಈ ಪ್ರಕರಣದ ಹಿನ್ನೆಲೆಯಲ್ಲಿ ಕ್ಯಾಲಿಫೋರ್ನಿಯದ ಸೆನೆಟ್ ಸದಸ್ಯ ಜೋ ಸಿಮಿಟಿಯನ್ ಸರ್ಕಾರಿ ಗುರುತಿನ ಚೀಟಿಗಳಲ್ಲಿ ರೇಡಿಯೊ ಬಿಲ್ಲೆಯ ಬಳಕೆಗೆ ಅಂಕುಶ ಹಾಕುವ ಮಸೂದೆಯನ್ನು ಮಂಡಿಸಿದರು. ಉಭಯ ಸದನಗಳ ಅಂಗೀಕಾರ ಪಡೆದ ಅದನ್ನು ರಾಜ್ಯಪಾಲ ಆರ್ನಾಲ್ಡ್ ಶ್ವಾರ್ಜ್‌ನೆಗರ್ 2006ರಲ್ಲಿ ತಿರಸ್ಕರಿಸಿದರು. ಇಂಥ ಬಿಲ್ಲೆಯನ್ನು ಧರಿಸುವಂತೆ ವಿದ್ಯಾರ್ಥಿಗಳನ್ನು ಶಾಲೆಗಳು ನಿರ್ಬಂಧಿಸಕೂಡದೆಂಬ ಶಾಸನವು ಮಿಸೌರಿ ಸಂಸ್ಥಾನದಲ್ಲಿ 2014ರಲ್ಲಿ, ರಾಜ್ಯಪಾಲರ ತಿರಸ್ಕಾರವನ್ನು ಶಾಸನಸಭೆಯು ಮೀರಿದ ಮೇಲೆ, ಜಾರಿಗೆ ಬಂದಿತು.

ನಾರ್ತ್‌ಸೈಡ್ ಪ್ರಕರಣ: ಟೆಕ್ಸಸಿನ ಸ್ಯಾನ್ ಆಂಟೋನಿಯೊ ನಗರದ ನಾರ್ತ್‌ಸೈಡ್ ಶಾಲಾ ಜಿಲ್ಲೆಯು 2012ರಲ್ಲಿ ಕೈಗೊಂಡ ಪ್ರಯೋಗವು ಈ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದುದು. ಜಾನ್ ಜೇ ಪ್ರೌಢಶಾಲೆ, ಆನ್ಸನ್ ಜೋನ್ಸ್ ಮಾಧ್ಯಮಿಕ ಶಾಲೆ ಎಂಬೆರಡರ ಸುಮಾರು 4,200 ವಿದ್ಯಾರ್ಥಿಗಳಿಗೆ ಇಲ್ಲಿ ಸಕ್ರಿಯ ಬಿಲ್ಲೆಗಳನ್ನು ವಿತರಿಸಲಾಯಿತು. ರಕ್ಷಣೆಯ ಮಾತನ್ನು ಆಡಿದರೂ, ಮುಖ್ಯವಾದ ಕಾರಣ ಅನುದಾನವೆಂಬುದನ್ನು ಆಡಳಿತವು ಮುಚ್ಚಿಡಲಿಲ್ಲ. ಟೆಕ್ಸಸಿನಲ್ಲಿ ಸಂಸ್ಥಾನದ ಅನುದಾನವು ದಾಖಲಾದ ಮಕ್ಕಳ ಸಂಖ್ಯೆಯನ್ನು ಅವಲಂಬಿಸದೆ ದಿನದಿನದ ಸರಾಸರಿ ಹಾಜರಿಯನ್ನು ಅವಲಂಬಿಸುತ್ತದೆ. ಆದ್ದರಿಂದ ಹಾಜರಿ ಹಾಕುವ ಗಳಿಗೆಯಲ್ಲಿ ಊಟದ ಮನೆಯಲ್ಲೋ ಮೊಗಸಾಲೆಯಲ್ಲೋ ತಡೆದು ನಿಂತ ಹುಡುಗನು ಶಾಲೆಯಲ್ಲಿ ಇದ್ದೂ ಇಲ್ಲದವನೆನಿಸಿ, ಅವನ ಪಾಲಿನ ಹಣವು ಶಾಲೆಗೆ ಕೈತಪ್ಪುತ್ತದೆ. ಬಿಲ್ಲೆಯ ಸಂಕೇತದಿಂದ ಅವನು ಕಟ್ಟಡದೊಳಗೇ ಇದ್ದನೆಂದು ತೋರಿಸಿ ಲೆಕ್ಕವನ್ನು ತಿದ್ದುವ ಮೂಲಕ ಸುಮಾರು 17 ಲಕ್ಷ ಡಾಲರುಗಳ ಅನುದಾನವನ್ನು ಉಳಿಸಿಕೊಳ್ಳಬಹುದೆಂಬುದು ಜಿಲ್ಲೆಯ ಎಣಿಕೆಯಾಗಿದ್ದಿತು.

ಜಾನ್ ಜೇ ಶಾಲೆಯ ವಿದ್ಯಾರ್ಥಿನಿಯೊಬ್ಬಳು, ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಉಕ್ತವಾಗಿರುವ ಮೃಗದ ಗುರುತಿಗೆ ಈ ಬಿಲ್ಲೆಯು ಸಮಾನವೆಂಬ ಧಾರ್ಮಿಕ ಶ್ರದ್ಧೆಯಿಂದ ಅದನ್ನು ಧರಿಸಲೊಲ್ಲೆನೆಂದಳು. ಒಳಗಿನ ಚಿಪ್ಪನ್ನೂ ಬ್ಯಾಟರಿಯನ್ನೂ ತೆಗೆದ ಬರಿಯ ಚೀಟಿಯನ್ನು ಕೊಡುವೆವೆಂದು ಶಾಲೆಯು ಹೇಳಿದಾಗ, ಅದನ್ನು ತೊಡುವುದೂ ಯೋಜನೆಗೆ ಸಮ್ಮತಿಯ ಮುದ್ರೆಯೊತ್ತಿದಂತೆಯೇ ಎಂದು ಅವಳ ಕುಟುಂಬವು ಒಪ್ಪಲಿಲ್ಲ. ಅವಳನ್ನು ಬೇರೆ ಶಾಲೆಗೆ ವರ್ಗಾಯಿಸಲು ಜಿಲ್ಲೆಯು ಹೊರಟಾಗ ರುದರ್‌ಫೋರ್ಡ್ ಇನ್‌ಸ್ಟಿಟ್ಯೂಟ್ ನೆರವಿನಿಂದ ಮೊಕದ್ದಮೆ ಹೂಡಲಾಯಿತು. 2013ರ ಜನವರಿ 8ರಂದು ಫೆಡರಲ್ ನ್ಯಾಯಾಧೀಶ ಒರ್ಲಾಂಡೊ ಗಾರ್ಸಿಯ, ಚಿಪ್ಪಿಲ್ಲದ ಚೀಟಿಯ ಸೌಲಭ್ಯವು ಧಾರ್ಮಿಕ ಆಕ್ಷೇಪಕ್ಕೆ ಸಾಕಾದ ಪರಿಹಾರವೆಂದು ಪರಿಗಣಿಸಿ, ತಡೆಯಾಜ್ಞೆಯನ್ನು ನಿರಾಕರಿಸಿದರು. ಹೀಗೆ ನ್ಯಾಯಾಲಯದಲ್ಲಿ ಗೆದ್ದ ಜಿಲ್ಲೆಯು ಅದೇ ವರ್ಷದ ಜುಲೈನಲ್ಲಿ, ಹಾಜರಿಯು ನಿರೀಕ್ಷಿಸಿದಷ್ಟು ಏರಲಿಲ್ಲವೆಂದು, ಯೋಜನೆಯನ್ನು ತಾನೇ ಕೈಬಿಟ್ಟಿತು.

ಇತರ ದೇಶಗಳು: ಬ್ರೆಜಿಲಿನ ಬಹಿಯ ಸಂಸ್ಥಾನದ ವಿಟೋರಿಯ ದ ಕಾಂಕಿಸ್ಟ ನಗರದಲ್ಲಿ 2012ರ ಮಾರ್ಚಿನಲ್ಲಿ 25 ಶಾಲೆಗಳ ಸುಮಾರು 20,000 ಮಕ್ಕಳ ಅಂಗಿಗಳಲ್ಲಿ ಚಿಪ್ಪನ್ನು ಅಳವಡಿಸಲಾಯಿತು. ಮಗು ಶಾಲೆಯನ್ನು ಹೊಕ್ಕೊಡನೆ ಮನೆಯವರ ದೂರವಾಣಿಗೆ ಸಂದೇಶ ಹೋಗುತ್ತಿತ್ತು, ಪಾಠ ಮೊದಲಾಗಿ 20 ನಿಮಿಷವಾದರೂ ಬಾರದಿದ್ದರೆ ಎಚ್ಚರಿಕೆಯ ಸಂದೇಶ ಬರುತ್ತಿತ್ತು. ಇಂಗ್ಲೆಂಡಿನ ವೆಸ್ಟ್ ಚೆಷೈರ್ ಕಾಲೇಜು ಕೆಲವು ವರ್ಷ ಬಳಸಿದ ಸಕ್ರಿಯ ಬಿಲ್ಲೆಗಳನ್ನು 2013ರಲ್ಲಿ ನಿಲ್ಲಿಸಿತು. ಚೀನದ ಗ್ವೀಜೌ ಮತ್ತು ಗ್ವಾಂಗ್‌ಶಿ ಪ್ರಾಂತಗಳ ಕೆಲವು ಶಾಲೆಗಳಲ್ಲಿ ಎರಡು ಹೆಗಲುಗಳಲ್ಲಿಯೂ ಚಿಪ್ಪುಳ್ಳ ಸಮವಸ್ತ್ರಗಳು ಬಳಕೆಯಲ್ಲಿವೆಯೆಂಬುದು 2018ರ ಕೊನೆಯಲ್ಲಿ ಲೋಕಕ್ಕೆ ತಿಳಿಯಿತು. ಚಿಪ್ಪು ಸಾಕ್ಷಿ ನುಡಿಯುವುದು ಬಟ್ಟೆಯ ಇರವಿಗೇ ಹೊರತು ಮಗುವಿನ ಇರವಿಗಲ್ಲ; ಗೆಳೆಯನ ಅಂಗಿಯನ್ನು ತೊಟ್ಟು ಬರುವವರನ್ನು ಹಿಡಿಯಲು ಅಲ್ಲಿ ಬಾಗಿಲ ಬಳಿ ಮುಖ ಗುರುತಿಸುವ ಕ್ಯಾಮೆರಾವನ್ನು ಜೊತೆಗೂಡಿಸಬೇಕಾಯಿತು.

ಇತ್ತೀಚಿನ ಬೆಳೆವಣಿಗೆ: ಬಿಲ್ಲೆಯ ಈ ಕೊರತೆಯೇ ಮುಖಪರಿಚಯ ಯಂತ್ರಕ್ಕೆ ದಾರಿಮಾಡಿಕೊಟ್ಟಿತು. ಸ್ವೀಡನ್ನಿನ ಶೆಲೆಫ್ಟಿಯೊ ಪಟ್ಟಣದಲ್ಲಿ 22 ವಿದ್ಯಾರ್ಥಿಗಳ ಹಾಜರಿಯನ್ನು ಮೂರು ವಾರಗಳ ಕಾಲ ಹೀಗೆ ತೆಗೆದುಕೊಂಡುದಕ್ಕಾಗಿ, 2019ರಲ್ಲಿ ಆ ದೇಶದ ಮಾಹಿತಿ ಸಂರಕ್ಷಣಾ ಪ್ರಾಧಿಕಾರವು ಪುರಸಭೆಗೆ 2 ಲಕ್ಷ ಕ್ರೋನ ದಂಡ ವಿಧಿಸಿತು. ಒಪ್ಪಿಗೆ ಪಡೆದಿದ್ದೆವೆಂಬ ವಾದವನ್ನು, ಶಾಲೆಯ ಅಧೀನದಲ್ಲಿರುವ ವಿದ್ಯಾರ್ಥಿಯ ಒಪ್ಪಿಗೆಯು ಸ್ವತಂತ್ರವಾದುದಲ್ಲವೆಂಬ ಕಾರಣದಿಂದ ಪ್ರಾಧಿಕಾರವು ತಳ್ಳಿಹಾಕಿತು.

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರ ಜಾಡು ಹಿಡಿಯುವುದನ್ನು ನಿಷೇಧಿಸಿದೆಯಾದರೂ, ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 2025ರ ನಿಯಮಗಳು ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ವಿದ್ಯಾಸಂಸ್ಥೆಗಳಿಗೆ ಆ ವಿನಾಯಿತಿಯನ್ನು ದಯಪಾಲಿಸಿವೆ. ಸಟರ್‌ನ ಬಾಗಿಲ ಮೇಲಿನ ಯಂತ್ರವನ್ನೂ ನಾರ್ತ್‌ಸೈಡಿನ ಬಿಲ್ಲೆಯನ್ನೂ ಸುರಕ್ಷತೆಯ ಹೆಸರಿನಲ್ಲಿಯೂ ಸಮರ್ಥಿಸಲಾಗಿದ್ದಿತಾದ್ದರಿಂದ, ಆ ಪದದ ವ್ಯಾಪ್ತಿಯನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಇಲ್ಲಿಯ ಶಾಲೆಗಳೂ ಪೋಷಕರೂ ಇನ್ನು ಮುಂದೆ ನಿಷ್ಕರ್ಷಿಸಬೇಕಾಗಿದೆ.