ಅಫೀಮಿನ ದಾಸರು ಯಾರು?

ಉರ್ದುವಿನಲ್ಲಿ ‘ಅಫೀಮ್ಚಿ’ ಎಂದರೆ ಅಫೀಮಿನ ಚಟಕ್ಕೆ ಬಿದ್ದವನು. ಸದಾ ತೂಕಡಿಸುವವನನ್ನು, ಕೆಲಸಕ್ಕೆ ಬಾರದವನನ್ನು ಹಂಗಿಸಲೂ ಅದೇ ಮಾತು. ಕನ್ನಡದ ‘ಕುಡುಕ’ ಎಂಬ ಪದಕ್ಕೂ ಇಂಥದೇ ತಿರಸ್ಕಾರ ಅಂಟಿಕೊಂಡಿದೆ. ಚಟ ಹಿಡಿದವನಿಗೆ ನಾವು ಹೆಸರಿಟ್ಟಿದ್ದೇವೆ. ಚಟ ಹಿಡಿಸಿದವನನ್ನು ಏನೆಂದು ಕರೆಯಬೇಕು? ಅಫೀಮಿನ ಚರಿತ್ರೆ ನಮ್ಮ ಮುಂದಿಡುವ ಪ್ರಶ್ನೆ ಇದು.

18ನೇ ಶತಮಾನದಲ್ಲಿ ಇಂಗ್ಲೆಂಡಿನ ಜನ ಚೀನಾದ ಚಹಾಕ್ಕೆ ಮನಸೋತಿದ್ದರು. ಆದರೆ ಚೀನಾಕ್ಕೆ ಇಂಗ್ಲೆಂಡಿನ ಸರಕು ಅಷ್ಟಾಗಿ ಬೇಕಿರಲಿಲ್ಲ. ಚಹಾಕ್ಕೆ ಬೆಳ್ಳಿಯನ್ನೇ ತೆರಬೇಕಾಗಿತ್ತು. ಈ ಬೆಳ್ಳಿಯನ್ನು ಹಿಂದಕ್ಕೆ ತರಲು ಸಿಕ್ಕ ಸರಕೇ ಅಫೀಮು. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮನ್ನು ಈಸ್ಟ್ ಇಂಡಿಯಾ ಕಂಪೆನಿಯ ಏಕಸ್ವಾಮ್ಯಕ್ಕೆ ತಂದ. ಬಿಹಾರ, ಬನಾರಸ್ ಸೀಮೆಯ ರೈತರು ಮುಂಗಡ ಪಡೆದು ಗಸಗಸೆ ಗಿಡ ಬೆಳೆಯಬೇಕು. ಕಂಪೆನಿ ಗೊತ್ತುಪಡಿಸಿದ ಬೆಲೆಗೆ ಅದರ ಹಾಲನ್ನು ಕಂಪೆನಿಗೇ ಒಪ್ಪಿಸಬೇಕು. ಪಟ್ನಾ ಮತ್ತು ಗಾಜಿಪುರದಲ್ಲಿ ಉಂಡೆ ಕಟ್ಟಿದ ಅಫೀಮು ಕಲ್ಕತ್ತೆಯಲ್ಲಿ ಹರಾಜಾಗುತ್ತಿತ್ತು.

ಚೀನಾ 1729ರಲ್ಲೇ ಅಫೀಮು ಮಾರಾಟವನ್ನು ನಿಷೇಧಿಸಿತ್ತು. ಆದ್ದರಿಂದ ಕಂಪೆನಿ ತನ್ನ ಕೈಗೆ ಮಸಿ ಹತ್ತದಂತೆ ನೋಡಿಕೊಂಡಿತು. ಹರಾಜಿನಲ್ಲಿ ಕೊಂಡ ಖಾಸಗಿ ವ್ಯಾಪಾರಿಗಳು ಕಳ್ಳಸಾಗಣೆ ಮಾಡಿದರು. ಬೊಂಬಾಯಿಯಿಂದ ಮಾಳವದ ಅಫೀಮು ಕಳುಹಿಸಿ ಶ್ರೀಮಂತರಾದವರಲ್ಲಿ ನಮ್ಮ ದೇಶದ ಶೇಠುಗಳೂ ಇದ್ದರು.

ಈ ಸರಕಿನ ಗುಣವೇ ಬೇರೆ. ಮೊದಲು ಅದು ನೋವು ಮರೆಸುತ್ತದೆ. ದಿನ ಕಳೆದಂತೆ ಅಷ್ಟೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗುತ್ತದೆ. ಬಿಟ್ಟರೆ ಮೈಕೈ ನೋವು, ವಾಂತಿ, ಭೇದಿ, ನಿದ್ದೆಗೇಡು. ಆ ಹಂತದಲ್ಲಿ ಮನುಷ್ಯ ಸುಖಕ್ಕಾಗಿ ಸೇದುವುದಿಲ್ಲ, ಸಂಕಟ ತಪ್ಪಿಸಿಕೊಳ್ಳಲು ಸೇದುತ್ತಾನೆ. ಇಂದಿನ ವೈದ್ಯಶಾಸ್ತ್ರ ಇದನ್ನು ಕಾಯಿಲೆ ಎನ್ನುತ್ತದೆ. ವ್ಯಾಪಾರಿಗೆ ಮಾತ್ರ ಅವನು ಕೈಬಿಟ್ಟು ಹೋಗದ ಗಿರಾಕಿ.

1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು, ಉಪ್ಪು ಸುಣ್ಣ ಬೆರೆಸಿ ಕರಗಿಸಿ ಸಮುದ್ರಕ್ಕೆ ಹರಿಸಿದ. ಉತ್ತರವಾಗಿ ಬಂದದ್ದು ಯುದ್ಧನೌಕೆಗಳು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗನ್ನು ಕಳೆದುಕೊಂಡಿತು. ನಾಶವಾದ ಅಫೀಮಿಗೂ 60 ಲಕ್ಷ ಡಾಲರ್ ತೆತ್ತಿತು. ವಿಷ ಚೆಲ್ಲಿದ್ದಕ್ಕೆ ದಂಡ!

ಅಷ್ಟರಲ್ಲಿ ಭಾರತದ ಬ್ರಿಟಿಷ್ ಸರಕಾರದ ಬೊಕ್ಕಸಕ್ಕೂ ಚಟ ಹಿಡಿದಿತ್ತು. ಅಫೀಮು ಅದರ ದೊಡ್ಡ ಆದಾಯಮೂಲಗಳಲ್ಲಿ ಒಂದಾಗಿತ್ತು. ಇಂಗ್ಲೆಂಡಿನಲ್ಲೇ ವಿರೋಧ ಎದ್ದಾಗ 1893ರಲ್ಲಿ ರಾಯಲ್ ಆಯೋಗ ನೇಮಕವಾಯಿತು. 1895ರ ಅದರ ವರದಿ ವ್ಯಾಪಾರದ ಪರವಾಗಿಯೇ ನಿಂತಿತು. ಚೀನಾಕ್ಕೆ ರಫ್ತನ್ನು ವರ್ಷವರ್ಷವೂ ತಗ್ಗಿಸುವ ಒಪ್ಪಂದಕ್ಕೆ 1907ರವರೆಗೆ ಕಾಯಬೇಕಾಯಿತು.

ಇದೆಲ್ಲ ದೂರದ ಕತೆ ಎನ್ನುವಂತಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಉಳಿದ ಮದ್ಯ ಅಂಗಡಿಗಳಲ್ಲೇ ಉಳಿಯಿತು. ಇಂದಿಗೂ ಬಜೆಟ್ಟಿನಲ್ಲಿ ಅಬಕಾರಿ ಆದಾಯಕ್ಕೆ ಗುರಿ ನಿಗದಿಯಾಗುತ್ತದೆ. ಆ ಗುರಿ ಮುಟ್ಟಬೇಕಾದರೆ ಯಾರೋ ಕುಡಿಯಲೇಬೇಕು. ಆ ಹಣದಲ್ಲಿ ನಮ್ಮ ಶಾಲೆ, ರಸ್ತೆಗಳ ಪಾಲೂ ಇದೆ. ಹಾಗಿರುವಾಗ ಚರಂಡಿಯ ಬದಿಯಲ್ಲಿ ಬಿದ್ದವನನ್ನು ‘ಕುಡುಕ’ ಎಂದು ದಾಟಿಹೋಗುವ ಅಧಿಕಾರ ನಮಗೆಲ್ಲಿದೆ? ಅವನಿಗೆ ಬೇಕಾದದ್ದು ಚಿಕಿತ್ಸೆ. ಬೊಕ್ಕಸದ ಚಟ ಬಿಡಿಸುವ ಕೆಲಸ ಮಾತ್ರ ನಮ್ಮೆಲ್ಲರದು.